ಪೋಪರ ಜಾಕೆಟ್ಟು

ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಮೀನಿನ ಫ್ರೈ ತಿನ್ನುವುದನ್ನೇ ತ್ಯಾಗವೆಂದು ಹೇಳಿಕೊಂಡು ಬಂದ ಜನ ನಾವು, ಮಂಗಳೂರಿನ ಕಥೋಲಿಕರು. ಕೋಳಿಗಿಂತ ಅಂಜಲಿಗೇ ರೇಟು ಜಾಸ್ತಿ ಎಂಬುದನ್ನು ದೇವರ ಗಮನಕ್ಕೆ ಯಾರೂ ತಂದಿಲ್ಲ. ಈಗಿನ ಮಕ್ಕಳು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಬಿಡುವುದು ಇನ್‌ಸ್ಟಾಗ್ರಾಂ. 2023ರ ವಿಭೂತಿ ಬುಧವಾರ ನನ್ನ ತಂಗಿಯ ಮಗಳು ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳೇ ಆ ಆ್ಯಪನ್ನು ಅಳಿಸಿದಳು. ಅಳಿಸುವ ಮೊದಲು ‘ಈಸ್ಟರಿಗೆ ಸಿಗೋಣ’ ಎಂದು ಅದರಲ್ಲೇ ಒಂದು ಸ್ಟೋರಿ ಹಾಕಿದಳು. ಸಂಜೆಯಿಂದ ಯೂಟ್ಯೂಬ್ ಶಾರ್ಟ್ಸ್ ಶುರು. ಎಷ್ಟಾದರೂ ಅಂಜಲ್ ತಿಂದವರ ವಂಶ.

ಅದೇ ವರ್ಷದ ಮಾರ್ಚಿನಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಪೋಪ್ ಫ್ರಾನ್ಸಿಸ್ ಬಂದರು, ಬೆಳ್ಳಗೆ ಉಬ್ಬಿದ ಪಫರ್ ಜಾಕೆಟ್ ತೊಟ್ಟುಕೊಂಡು. ಕರೆತಂದವರು ದೊಡ್ಡಮ್ಮ. ಅವರ ಫೋನಿಗೆ ಬಂದದ್ದು ಅಲ್ಲೇ ನಿಲ್ಲುವ ಪದ್ಧತಿಯಿಲ್ಲ. ಹಿಂದೆ ಸಂತರ ಹೆಸರಿನ ಸರಪಳಿ ಪತ್ರಗಳು ಇನ್‌ಲ್ಯಾಂಡಿನಲ್ಲಿ ಬರುತ್ತಿದ್ದಾಗ ಪ್ರತಿಯೊಂದನ್ನೂ ಕೈಯಾರೆ ಬರೆಯಬೇಕಿತ್ತು, ಅಂಚೆಗೆ ದುಡ್ಡು ಕೊಡಬೇಕಿತ್ತು; ಹಾಗಾಗಿ ಭಕ್ತಿಗೊಂದು ಮಿತಿಯಿತ್ತು. “ಪಾಪ, ರೋಮಿನಲ್ಲಿ ಎಂಥಾ ಚಳಿಯೋ” ಎಂದು ದೊಡ್ಡಮ್ಮ ಮರುಗಿದ್ದೇ, ಆ ರಾತ್ರಿಯ ತೇರ್ಸಿನಲ್ಲಿ, ಅಂದರೆ ಜಪಮಾಲೆ ಪ್ರಾರ್ಥನೆಯಲ್ಲಿ, ಪೋಪರ ಆರೋಗ್ಯಕ್ಕೆಂದು ಒಂದು ‘ನಮಾನ್ ಮರಿಯೆ’ ಹೆಚ್ಚಾಯಿತು.

ಹುಡುಗಿ ತೇರ್ಸು ಮುಗಿಯುವವರೆಗೆ ಸುಮ್ಮನಿದ್ದಳು. ಆಮೇಲೆ ಫೋನ್ ಇಸಕೊಂಡು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು. “ಈ ಕೈ ನೋಡಿ. ಲೋಟ ಎಲ್ಲಿ ಮುಗಿಯಿತು, ಬೆರಳು ಎಲ್ಲಿ ಶುರುವಾಯಿತು ಹೇಳಿ. ಕನ್ನಡಕದ ಅಂಚು ನೆರಳಿನೊಳಗೇ ಸೇರಿಹೋಗಿದೆ. ಇದು ಮಿಡ್‌ಜರ್ನಿ ಎಂಬ ಎಐನಲ್ಲಿ ಮಾಡಿಸಿದ್ದು.” ದೊಡ್ಡಮ್ಮ ತಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ, “ಪೋಪರ ಕೈಯನ್ನು ಹಾಗೆಲ್ಲ ಹಿಗ್ಗಿಸಬಾರದು” ಅಂದರು. ಅಲ್ಲಿಗೆ ಮುಗಿಯಿತೆನ್ನುವಷ್ಟರಲ್ಲಿ, ಮಾರ್ಚ್ 29ರಂದು ಪೋಪರು ಬ್ರಾಂಕೈಟಿಸ್ ಆಗಿ ನಿಜವಾಗಿಯೂ ಆಸ್ಪತ್ರೆ ಸೇರಿದರು. “ಜಾಕೆಟ್ ಸುಮ್ಮನೆ ಹಾಕಿದ್ದಾ?” ಎಂದು ದೊಡ್ಡಮ್ಮ ಗ್ರೂಪಿನಲ್ಲಿ ಕೇಳಿದರು. ಚಿತ್ರ ಸುಳ್ಳಾಗಿ ಕಾಯಿಲೆ ನಿಜವಾದರೆ ಎದುರಾಡುವುದು ಎಂಥ ಇಂಜಿನಿಯರಿಂಗ್ ವಿದ್ಯಾರ್ಥಿನಿಗೂ ಕಷ್ಟವೇ.

ಇಷ್ಟಾದ ಮೇಲೂ, ವಿವೇಚನೆ ಕಲಿಯಬೇಕಾದವರು ಯುವಜನರೇ ಎಂದು ನಮ್ಮ ವಾಳೆಯ ಗುರ್ಕಾರರು, ಅಂದರೆ ಚರ್ಚಿನ ವಾರ್ಡಿನ ಮುಖ್ಯಸ್ಥರು, ಚರ್ಚ್ ಹಾಲಿನಲ್ಲಿ ಒಂದು ಉಪನ್ಯಾಸ ಇಡಿಸಿದರು. ಮೈಕು, ಪ್ರೊಜೆಕ್ಟರು, ನೇರ ಪ್ರಸಾರ ಎಲ್ಲ ಆ ಯುವಜನರದೇ. ಉಪನ್ಯಾಸಕರು 1843ರ ‘ಮಂಗಳೂರ ಸಮಾಚಾರ’ದಿಂದ, ಅದನ್ನು ಹೊರತಂದ ಹರ್ಮನ್ ಮೊಗ್ಲಿಂಗರಿಂದ ಆರಂಭಿಸಿ, “ಕನ್ನಡಕ್ಕೆ ಪತ್ರಿಕೆ ಕೊಟ್ಟವರೇ ನಾವು” ಅಂದರು. ಮೊಗ್ಲಿಂಗ್ ಜರ್ಮನಿಯವರು, ಅವರಿದ್ದ ಬಾಸೆಲ್ ಮಿಶನ್ ಪ್ರೊಟೆಸ್ಟಂಟರದ್ದು. ಹೆಮ್ಮೆಪಡುವಾಗ ನಾವು ಅಂಥ ಭೇದ ಮಾಡುವುದಿಲ್ಲ. ಮುಂದಿನ ಸ್ಲೈಡಿಗೆ ಬರುವಾಗ ಮಾಧ್ಯಮ ಹಾವಾಗಿತ್ತು. ಮೊದಲ ಸುಳ್ಳುಸುದ್ದಿ ಏದೆನ್ ತೋಟದ ಸರ್ಪದ್ದೇ ಎಂಬ ಮಾತು ಪೋಪ್ ಫ್ರಾನ್ಸಿಸರ 2018ರ ಸಂದೇಶದಲ್ಲಿ ಇರುವುದು ಹೌದು. ಆದರೆ ಅದರ ನಂತರದ ಸ್ಲೈಡಿನಲ್ಲಿ, ಗುಲಾಬಿ ಹೂಗಳ ನಡುವೆ, ಅವರದೇ ಹೆಸರಿನಲ್ಲಿದ್ದ ಸೂಕ್ತಿ? ಹುಡುಗಿ ಪ್ರೊಜೆಕ್ಟರಿನ ಪಕ್ಕ ಕುಳಿತೇ ವ್ಯಾಟಿಕನ್ನಿನ ಜಾಲತಾಣವನ್ನೆಲ್ಲ ತಡಕಾಡಿ, ಕೈಯೆತ್ತಿ, “ಸರ್, ಇದನ್ನು ಯಾವಾಗ ಹೇಳಿದ್ದು?” ಅಂದಳು. ಅವರು “ಪ್ರಶ್ನೆಗಳು ಕೊನೆಗೆ” ಅಂದರು. ಕೊನೆಗೆ ಚಹಾ ಬಂತು.

ಹಿರಿಯರನ್ನು ಹೀಗೆ ಕೇಳುವುದುಂಟೇ ಎಂದು ಒಬ್ಬರು ಗೊಣಗಿದಾಗ, ಸಮೋಸ ಮುರಿಯುತ್ತಿದ್ದ ಫಾದರ್ ಬೆರೋಯದವರ ವಿಷಯ ತೆಗೆದರು. ಸಂತ ಪೌಲರೇ ಬಂದು ಬೋಧಿಸಿದರೂ ಆ ಊರಿನವರು ದಿನದಿನವೂ ಧರ್ಮಗ್ರಂಥ ಬಿಚ್ಚಿ ತಾಳೆ ನೋಡುತ್ತಿದ್ದರಂತೆ. ಲೂಕರು ಅದನ್ನು ಮೆಚ್ಚಿಯೇ ಬರೆದಿದ್ದಾರೆ. ಪೌಲರು “ಪ್ರಶ್ನೆಗಳು ಕೊನೆಗೆ” ಅಂದ ದಾಖಲೆಯಿಲ್ಲ. ಹುಡುಗಿ ಹೊತ್ತುಗೊತ್ತಿಲ್ಲದೆ ಫೋನ್ ನೋಡುತ್ತಾಳೆ, ಸುಳ್ಳಲ್ಲ. ಆದರೆ ಕಂಡದ್ದನ್ನೆಲ್ಲ ನಂಬುವ ಅವಸರ ಅವಳಿಗಿಲ್ಲ. ನಮ್ಮಲ್ಲಿ ಅನೇಕರು ನೋಡುವುದೇ ನಂಬಲಿಕ್ಕೆ.

ಈಗ ಅವಳ ಓರಗೆಯವರಿಗೆಂದೇ ಒಬ್ಬ ಸಂತರು ಸಿಕ್ಕಿದ್ದಾರೆ: ಕಾರ್ಲೊ ಅಕುಟಿಸ್. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಇಟಲಿಯಲ್ಲಿ ಬೆಳೆದು, ಪರಮಪ್ರಸಾದದ ಪವಾಡಗಳನ್ನು ಪಟ್ಟಿ ಮಾಡಿ ವೆಬ್‌ಸೈಟ್ ಕಟ್ಟಿ, ಹದಿನೈದಕ್ಕೇ ರಕ್ತದ ಕ್ಯಾನ್ಸರಿಗೆ ತುತ್ತಾದ ಹುಡುಗ. ಅವರನ್ನು ಪೋಪ್ ಲಿಯೋ ಸಂತರೆಂದು ಘೋಷಿಸಿದ್ದು 2025ರ ಸೆಪ್ಟೆಂಬರ್ 7ರಂದು. ಮರುದಿನ ನಮಗೆ ಮೊಂತಿ ಹಬ್ಬ, ಮರಿಯಮ್ಮನವರ ಹುಟ್ಟುಹಬ್ಬ. ಅಡುಗೆಮನೆ ತುಂಬ ಹರಿವೆ, ಹೀರೆ, ಬೆಂಡೆ, ಕೆಸುವಿನ ದಂಟು. ಹುಡುಗಿ ತೆಂಗಿನಕಾಯಿಗೆ ಫೋನ್ ಒರಗಿಸಿಟ್ಟು ಬೆಂಡೆ ಹೆಚ್ಚುತ್ತಾ ನೇರ ಪ್ರಸಾರ ನೋಡುತ್ತಿದ್ದಳು. ಅಸಿಸಿಯಲ್ಲಿ ಅವರನ್ನು ಜೀನ್ಸ್, ಸ್ಪೋರ್ಟ್ಸ್ ಶೂ ಸಮೇತ ಮಲಗಿಸಿದ್ದಾರೆಂದು ಫೋಟೋ ತೋರಿಸಿದಳು. ದೊಡ್ಡಮ್ಮ ಬಹಳ ಹೊತ್ತು ನೋಡಿದರು. “ಸಂತರಿಗೆ ಜೀನ್ಸಾ? ಆ ಕೈಯನ್ನೊಮ್ಮೆ ಹಿಗ್ಗಿಸು, ಇದೂ ಎಐ ಇರಬಹುದು.”

“ಕಾರ್ಲೊ ವಿಡಿಯೋ ಗೇಮ್ ಆಡುತ್ತಿದ್ದದ್ದು ವಾರಕ್ಕೆ ಒಂದೇ ಗಂಟೆಯಂತೆ, ಕೇಳಿಸಿತಾ?” ಎಂದು ತಂಗಿ ಮಗನ ಕಡೆ ಚಾಕು ತೋರಿಸಿದಳು.

“ಅವರು ತೀರಿಕೊಂಡದ್ದು 2006ರಲ್ಲಿ, ವಾಟ್ಸಾಪ್ ಬಂದದ್ದು 2009ರಲ್ಲಿ” ಅಂದ ಅವನು. “ಫ್ಯಾಮಿಲಿ ಗ್ರೂಪ್ ಇಲ್ಲದಿದ್ದರೆ ನಾನೂ ಸಂತ ಆಗುತ್ತಿದ್ದೆ.”

ದೊಡ್ಡಮ್ಮನಿಗೆ ಮಾತು ಬಹಳ ಹಿಡಿಸಿತು. “ಅದನ್ನು ಗ್ರೂಪಿಗೆ ಹಾಕು ಮಗಾ, ನಾನು ನಾಲ್ಕು ಜನಕ್ಕೆ ಕಳಿಸುತ್ತೇನೆ” ಅಂದರು.