ಕಳ್ಳಪ್ಪನ ಗುಡಿಯ ನಾಲ್ವರು

ದೀಪಾವಳಿ ಆಸುಪಾಸಿನಲ್ಲಿ, ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಜನ ದೇವಿಯನ್ನು ನೋಡುತ್ತಾರೆ. ನನ್ನ ಕಣ್ಣು ಕಲ್ಲುಗಳ ಮೇಲೆ. ದಿನಾ ಗುಡಿಗೆ ಬರುತ್ತಿದ್ದ ಸೊಸೆಯ ತಲೆಗೆ ಅತ್ತೆ ಕುಟ್ಟಿದಳಂತೆ. ಕಾಪಾಡು ತಾಯಿ ಎಂದವಳನ್ನು ದೇವಿ ಕಲ್ಲಾಗಿಸಿ ತನ್ನ ಬಳಿ ಇಟ್ಟುಕೊಂಡಳಂತೆ. ಅದೇ ಆವರಣದ ಕಳ್ಳಪ್ಪನ ಗುಡಿಯಲ್ಲಿ, ಒಡವೆ ಕದಿಯಲು ಬಂದು ಕಲ್ಲಾದ ನಾಲ್ವರು ಕಳ್ಳರಿದ್ದಾರೆ. ಸಂಸಾರಸ್ಥೆ ಒಂಟಿ, ಕಳ್ಳರು ಮಾತ್ರ ಇಂದಿಗೂ ಜೊತೆ. ಗೆಳೆತನದ ಪರವಾಗಿ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ?

ನಾವೂ ನಾಲ್ವರೇ. ನಾನು ಹಾಸನದವನು, ಮಿಕ್ಕವರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಕರೆಯುವುದೂ ಊರ ಹೆಸರಿನಿಂದಲೇ. ಹೊಳೆನರಸೀಪುರದವನ ಎದುರು ಕುಟುಂಬದ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ; ಅವನೂರಿನ ರಾಜಕೀಯವೇ ಅದು. ಅರಕಲಗೂಡಿನವನಿಗೆ ಹೊಗೆಸೊಪ್ಪಿನ ರೇಟು ಬಿಟ್ಟರೆ ಬೇರೆ ಸಿದ್ಧಾಂತವಿಲ್ಲ. ಚನ್ನರಾಯಪಟ್ಟಣದವನು ಮಾತೆತ್ತಿದರೆ ತನ್ನ ತಾಲ್ಲೂಕಿನ ಸಂತೆಶಿವರದ ಕಾದಂಬರಿಕಾರ ಭೈರಪ್ಪನವರನ್ನು ಸಾಕ್ಷಿಗೆ ಕರೆಯುತ್ತಾನೆ: “ಅವ್ರ ಆತ್ಮಕಥೆ ಭಿತ್ತಿ ಓದ್ರೋ. ತಾಯೀನ ಪ್ಲೇಗು ಕಿತ್ಕೊಂಡ ಮೇಲೆ ಆ ಹುಡುಗ ಓದಿ ಮುಂದೆ ಬಂದಿದ್ದು ನೆಂಟರಿಂದಾನಾ?” “ಹಂಗಾದ್ರೆ ಅವ್ರ ಗೃಹಭಂಗ ಕಾದಂಬರೀಲಿ ಆ ತಾಯೀನೇ ಹೋಲೋ ನಂಜಮ್ಮ ಎಲ್ಲಿಂದ ಬಂದ್ಳಲೇ?” ಎಂದರೆ ಕಾಫಿ ಲೋಟದೊಳಗೆ ಮುಖ ಹುದುಗಿಸುತ್ತಾನೆ.

ಕಳೆದ ಮಳೆಗಾಲ ನನ್ನ ಪಿತ್ತಕೋಶದಲ್ಲೂ ಕಲ್ಲು ಕಂಡಿತು. ಹೆಂಡತಿ ಮಗಳ ಬಾಣಂತನಕ್ಕೆಂದು ಪುಣೆಯಲ್ಲಿದ್ದಳು. ಒಡಹುಟ್ಟಿದ ಅಣ್ಣ ಬೆಂಗಳೂರು ಬಿಟ್ಟು ನೆಲಮಂಗಲದ ಟ್ರಾಫಿಕ್ಕಿನಲ್ಲಿ ಕೂತು “ಧೈರ್ಯವಾಗಿರು” ಎಂದು ಫೋನು ಮಾಡುತ್ತಿದ್ದ. ಆಸ್ಪತ್ರೆಯಲ್ಲಿ ಆಪರೇಷನ್ನಿನ ಒಪ್ಪಿಗೆ ಪತ್ರ ಹಿಡಿದು ಬಂದ ಸಿಸ್ಟರ್, “ಮನೆಯವ್ರು ಯಾರು?” ಎಂದರು. ಮೂವರೂ ಎದ್ದರು.

“ಪೇಷಂಟ್‌ಗೆ ಏನಾಗ್ಬೇಕು?”

“ಅಣ್ಣ.”

“ತಮ್ಮ.”

“ದೊಡ್ಡಮ್ಮನ ಮಗ.”

ಆಧಾರ್ ಕಾರ್ಡುಗಳಲ್ಲಿ ಅಪ್ಪಂದಿರ ಹೆಸರು ಮೂರು, ಊರು ಮೂರು, ಜಾತಿ ಕೇಳಿದ್ದರೆ ಅದೂ ಮೂರು. “ಸ್ವಂತದವರಾ?” ಎಂದು ಸಿಸ್ಟರ್ ಕನ್ನಡಕ ಇಳಿಸಿದರು. “ಆಸ್ತೀಲಿ ಪಾಲು ಕೇಳ್ದೇ ಇರೋ ಅಣ್ಣತಮ್ಮಂದಿರು, ಹಂಗೇ ಬರ್ಕೊಳ್ಳಿ ಸಿಸ್ಟರ್” ಎಂದ ಅರಕಲಗೂಡಿನವನು. ಜೀವಮಾನದಲ್ಲಿ ಅವನು ಹೊಗೆಸೊಪ್ಪು ಬಿಟ್ಟು ಆಡಿದ ಮೊದಲ ಮಾತಿರಬೇಕು.

ಸಿಸ್ಟರ್ ಬರೆದುಕೊಂಡರೋ ಇಲ್ಲವೋ, ಇವರು ಮಾತ್ರ ಆ ಪದವಿಯನ್ನು ಕಾಯಂ ಮಾಡಿಕೊಂಡುಬಿಟ್ಟರು. ಮೊದಲು ಬೋಂಡ ಕೊಡಿಸುತ್ತಿದ್ದವರು ಈಗ ನನ್ನ ತಟ್ಟೆಯಿಂದ ಎತ್ತಿಕೊಳ್ಳುತ್ತಾರೆ. “ಎಣ್ಣೆ ಪದಾರ್ಥ ನಿಂಗ್ಯಾಕೆ?” ಎಂದು ಹೋಟೆಲಿನಲ್ಲಿ ನಾಲ್ಕು ಜನರ ಎದುರೇ ಬೈಯುತ್ತಾರೆ. ಚನ್ನರಾಯಪಟ್ಟಣದವನು ನನ್ನ ಮಗಳಿಗೆ ಫೋನು ಮಾಡಿ ಚಾಡಿ ಹೇಳುವುದನ್ನೂ ಕಲಿತಿದ್ದಾನೆ. ಸ್ನೇಹಿತರಾಗಿದ್ದಾಗ ಎಷ್ಟು ಒಳ್ಳೆಯವರಿದ್ದರು!

ಮೊನ್ನೆ ಪುಣೆಯಿಂದ ಬಂದ ಹೆಂಡತಿಯ ಮೊಬೈಲು ಟಣ್ ಎಂದಿತು. ಇಣುಕಿದೆ. “ಮನೆಯವರು” ಎಂಬ ವಾಟ್ಸಾಪ್ ಗುಂಪು: ಹೆಂಡತಿ, ಮಗಳು, ನೆಲಮಂಗಲ ದಾಟಿ ಬಂದ ಅಣ್ಣ, ಈ ಮೂವರು ಕಳ್ಳರು. ನಾನು ಮಧ್ಯಾಹ್ನ ತಿಂದ ಮದ್ದೂರು ವಡೆಯ ಫೋಟೋ ಆಗಲೇ ಬಂದು ಕೂತಿತ್ತು. ಗುಂಪಿನಲ್ಲಿ ನನ್ನ ಹೆಸರೊಂದೇ ಇರಲಿಲ್ಲ.