ಅಂಬಾಸಿಡರ್ ಯಜಮಾನರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಅಂಬಾಸಿಡರ್ ಯಜಮಾನರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಕಾಣಸಿಗುತ್ತಾರೆ. ಶಿರಾ–ಮಧುಗಿರಿ ರಸ್ತೆಯ ಬಡವನಹಳ್ಳಿ ಅವರಿಗೆ ಹೇಳಿ ಮಾಡಿಸಿದಂಥ ಊರು. ಕಾರು ಕೆಟ್ಟು ನಿಂತರೆ ನಾಲ್ಕು ಜನ ಸೇರಲು ಹೊತ್ತು ಹಿಡಿಯುವುದಿಲ್ಲ. ಯಜಮಾನರಿಗೆ ಅರವತ್ತು ದಾಟಿರುತ್ತದೆ. ನಿವೃತ್ತ ಮೇಷ್ಟ್ರೋ, ಮಾಜಿ ಪಂಚಾಯ್ತಿ ಚೇರ್ಮನ್ನರೋ, ಕಡ್ಲೆಕಾಯಿ ವ್ಯಾಪಾರ ಮಾಡಿ ಬಿಟ್ಟವರೋ ಆಗಿರುತ್ತಾರೆ. ಬಿಳಿ ಕಾರು ಹುಣಸೆಮರದ ನೆರಳಲ್ಲಿ ನಿಂತಿರುತ್ತದೆ. ಮಗ ಬೆಂಗಳೂರಿನಿಂದ ಹಬ್ಬಕ್ಕೆ ತರುವ ಹೊಸ ಕಾರನ್ನು ಅವರು ಹೆಸರು ಹಿಡಿದು ಕರೆಯುವುದಿಲ್ಲ. ಅದು ಬರೀ ‘ಡಬ್ಬ’.

ತಮ್ಮ ಕಾರಿನ ಕುಲಗೋತ್ರ ಮಾತ್ರ ಅವರಿಗೆ ಬಾಯಿಪಾಠ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಇದರ ಮೂಲ. ಹಿಂದುಸ್ತಾನ್ ಮೋಟಾರ್ಸ್ ಕಂಪನಿ ಕೋಲ್ಕತ್ತ ಬಳಿಯ ಉತ್ತರಪಾಡಾ ಕಾರ್ಖಾನೆಯಲ್ಲಿ ಇದನ್ನು 1950ರ ದಶಕದ ಕೊನೆಯಿಂದ 2014ರ ಮೇವರೆಗೆ ತಯಾರಿಸಿತು. ಕಾರ್ಖಾನೆ ನಿಂತದ್ದನ್ನು ಯಜಮಾನರು ಕಂಪನಿಯ ಸೋಲೆಂದು ಒಪ್ಪುವುದಿಲ್ಲ. ‘ಇನ್ನು ಮೇಲೆ ನೋಡಿ ನಮ್ಮದಕ್ಕೆ ಬೆಲೆ’ ಎನ್ನುತ್ತಾರೆ. ಆ ಬೆಲೆ ಕೊಡುವ ಗಿರಾಕಿ ಇನ್ನೂ ಬಂದಿಲ್ಲ.

ಇಂಥ ಕಾರಿನಲ್ಲಿ ಮೊದಲು ಮುನಿಸಿಕೊಳ್ಳುವುದು ಡ್ರೈವರ್ ಬಾಗಿಲು, ಏಕೆಂದರೆ ಅತಿ ಹೆಚ್ಚು ಸಲ ತೆರೆದು ಮುಚ್ಚಿದ್ದು ಅದನ್ನೇ. ಬಾಗಿಲ ಹೊಟ್ಟೆಯೊಳಗೊಂದು ಕಬ್ಬಿಣದ ಕೊಕ್ಕೆ ಇರುತ್ತದೆ. ಕಂಬದ ಮೇಲಿನ ಸ್ಟ್ರೈಕರನ್ನು ಅದು ಕಚ್ಚಿ ಹಿಡಿಯುತ್ತದೆ. ಹ್ಯಾಂಡಲಿನ ಗುಂಡಿ ಒತ್ತಿದರೆ ಸಣ್ಣ ಸರಳು, ಸ್ಪ್ರಿಂಗುಗಳ ಮೂಲಕ ಆ ಹಿಡಿತ ಸಡಿಲಬೇಕು. ಕೀ ತಿರುಗಿಸುವ ಲಾಕಿನಲ್ಲಿ ತೆಳ್ಳನೆಯ ಹಿತ್ತಾಳೆ ಬಿಲ್ಲೆಗಳಿರುತ್ತವೆ. ಮಳೆ ಕಡಿಮೆಯಾದ ಈ ಸೀಮೆಯ ಕೆಂಧೂಳು ಈ ಬಿಲ್ಲೆಗಳ ಸಂದಿಗೆ ಇಳಿಯುತ್ತದೆ. ಹಳೇ ಗ್ರೀಸು ಒಣಗಿ ಅಂಟಾಗುತ್ತದೆ. ಸಾಲದ್ದಕ್ಕೆ ಪ್ರತಿ ವರ್ಷ ಆಯುಧಪೂಜೆಯ ದಿನ ಅರಿಶಿನ ಕುಂಕುಮವನ್ನು ಸರಿಯಾಗಿ ಕೀ ತೂತಿನ ಮೇಲೇ ಇಡುವ ಪದ್ಧತಿಯೂ ಇದೆ.

ಕೆಟ್ಟ ಬಾಗಿಲಿನೊಡನೆ ಯಜಮಾನರ ವ್ಯವಹಾರ ಹಲವು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯದು ಕೆಟ್ಟಿದೆಯೆಂದೇ ಒಪ್ಪದಿರುವುದು. ಹಳೆಯ ಅಂಬಾಸಿಡರಿನ ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತದೆ. ಮುಂದಿನ ಸೀಟು ಈ ಕಡೆಯಿಂದ ಆ ಕಡೆಯವರೆಗೆ ಒಂದೇ ಹಾಸು. ಹಾಗಾಗಿ ಯಜಮಾನರು ಎಡಬಾಗಿಲಿನಿಂದ ಹತ್ತಿ, ಪಂಚೆ ಎತ್ತಿಕಟ್ಟಿ, ಸರಸರನೆ ಜರುಗಿ ಸ್ಟೇರಿಂಗಿನ ಮುಂದೆ ಪ್ರತಿಷ್ಠಾಪಿತರಾಗುತ್ತಾರೆ. ಯಾರಾದರೂ ನೋಡಿದರೆ ‘ಬಲಗಡೆ ಲಾರಿಗಳ ಕಾಟ’ ಎನ್ನುತ್ತಾರೆ. ಈ ಹಂತ ತಿಂಗಳುಗಟ್ಟಲೆ ನಡೆಯಬಲ್ಲದು. ಯಜಮಾನರ ಸೊಂಟ ಹಿಡಿದಾಗಷ್ಟೇ ಮುಗಿಯುತ್ತದೆ.

ಎರಡನೆಯದು ಎಣ್ಣೆಯ ಹಂತ. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ಬರುತ್ತದೆ. ಕೀ ತೂತಿಗೆ ಧಾರಾಳವಾಗಿ ಬೀಳುತ್ತದೆ. ಬಾಗಿಲು ಆ ಕ್ಷಣಕ್ಕೆ ತೆರೆದುಕೊಳ್ಳುವುದೇ ದೊಡ್ಡ ಅಪಾಯ, ಯಜಮಾನರ ನಂಬಿಕೆ ಅಲ್ಲಿಗೆ ಗಟ್ಟಿಯಾಗುತ್ತದೆ. ಒಳಗೆ ಇಳಿದ ಎಣ್ಣೆ ಧೂಳನ್ನು ಕೂಡಿಸಿಕೊಂಡು ಮಡ್ಡಿಯಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಮಾಗಿಯ ಬೆಳಗಿನಲ್ಲಿ ಬಾಗಿಲು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಬಿಸಿಲೇರಿದ ಮೇಲೆ ತೆರೆದುಕೊಳ್ಳುತ್ತದೆ. ‘ನಮ್ಮ ಕಾರಿಗೆ ಬೆಳಿಗ್ಗೆ ಬೇಗ ಎದ್ದು ಅಭ್ಯಾಸವಿಲ್ಲ’ ಎಂಬ ವಿವರಣೆ ಹುಟ್ಟುವುದು ಇಲ್ಲಿ.

ಮೂರನೆಯದು ಸಾರ್ವಜನಿಕ ಹಂತ. ಟೀ ಅಂಗಡಿಯ ಮುಂದೆ ಬಾಗಿಲು ಕೈಕೊಟ್ಟಾಗ ಸಲಹೆಗಾರರು ಕರೆಯದೆಯೇ ಬರುತ್ತಾರೆ. ಒಬ್ಬ ಬೆಂಕಿಕಡ್ಡಿ ಗೀರಿ ಕೀ ಕಾಯಿಸುತ್ತಾನೆ. ಇನ್ನೊಬ್ಬ ಒಳಗಿನ ಹ್ಯಾಂಡಲ್ ಹಿಡಿಯಲು ಮುಂದಿನ ಬಾಗಿಲ ತ್ರಿಕೋನ ಗಾಜಿನ ಸಂದಿಯಲ್ಲಿ ತನ್ನ ಮಗನ ಕೈ ತೂರಿಸುತ್ತಾನೆ. ಬಾಗಿಲು ಬರುವುದಿಲ್ಲ, ಕೈಯೂ ಬೇಗ ಬರುವುದಿಲ್ಲ. ಮೂರನೆಯವನು ಹತ್ತಿರ ಬರದೆ, ಲೋಟ ಕೆಳಗಿಡದೆ, ‘ಶನಿವಾರ ಪಾವಗಡಕ್ಕೆ ಹೋಗಿ ಶನಿಮಹಾತ್ಮನಿಗೆ ಎಳ್ಳೆಣ್ಣೆ ಕೊಟ್ಟು ಬನ್ನಿ ಯಜಮಾನ್ರೇ’ ಎಂದು ಮುಗಿಸುತ್ತಾನೆ.

ಮೇಸ್ತ್ರಿಯನ್ನು ಕರೆಯುವುದು ಕೊನೆಯ ಹಂತ. ಅವನು ಮೊದಲು ಕೇಳುವುದು, ‘ಎರಡನೇ ಕೀ ಎಲ್ಲೈತೆ?’ ದಶಕಗಟ್ಟಲೆ ಉಜ್ಜಿದ ಕೀಲಿಯ ಹಲ್ಲು ಸವೆದಿರುತ್ತದೆ. ಬಿಲ್ಲೆಗಳನ್ನು ಅದು ಸರಿಯಾಗಿ ಎತ್ತುವುದಿಲ್ಲ. ಎರಡನೆಯದು ಯಜಮಾನತಿಯ ಬೀರುವಿನಲ್ಲಿ ಹೊಚ್ಚಹೊಸದಾಗಿ ಮಲಗಿರುತ್ತದೆ. ಆ ಮಾತನ್ನು ಆಕೆ ಮೊದಲ ದಿನವೇ ಹೇಳಿದ್ದರೆಂಬುದು ಇಂಥ ಎಲ್ಲ ಮನೆಗಳಲ್ಲೂ ನಂತರ ತಿಳಿದುಬರುವ ಸಂಗತಿ.

ಆಮೇಲಿನ ಪರೀಕ್ಷೆಗೆ ಒಂದು ಕ್ರಮವಿದೆ. ಕೀ ತಿರುಗದಿದ್ದರೆ ದೋಷ ಲಾಕಿನಲ್ಲಿ. ಕೀ ತಿರುಗಿಯೂ ಗುಂಡಿ ಸತ್ತಂತಿದ್ದರೆ ಸರಳಿನ ಕ್ಲಿಪ್ ಕಳಚಿದೆ ಅಥವಾ ಸ್ಪ್ರಿಂಗ್ ಮುರಿದಿದೆ. ಎರಡೂ ಸರಿಯಿದ್ದು ಬಾಗಿಲು ಬಾರದಿದ್ದರೆ, ಹಿಂಜು ಸವೆದು ಬಾಗಿಲು ಜೋತುಬಿದ್ದು ಸ್ಟ್ರೈಕರಿಗೆ ಸಿಕ್ಕಿಕೊಂಡಿದೆ. ಮೇಸ್ತ್ರಿ ಮೊಣಕಾಲನ್ನು ಬಾಗಿಲ ಕೆಳಗೆ ಕೊಟ್ಟು ತುಸು ಎತ್ತಿ, ಒಳಕ್ಕೆ ಒತ್ತಿ, ಹೆಬ್ಬೆರಳಲ್ಲಿ ಗುಂಡಿ ಅದುಮುತ್ತಾನೆ. ಬಾಗಿಲು ‘ಟಕ್’ ಎನ್ನುತ್ತದೆ. ಹಾಗೂ ಬಾರದಿದ್ದರೆ ಮಾತ್ರ ಸೀಟಿನ ಮೇಲೆ ಅಡ್ಡ ಮಲಗಿ, ಗಾಜು ಏರಿಸುವ ಹಿಡಿಕೆ ಕಳಚಿ, ಡೋರ್ ಪ್ಯಾಡ್ ಬಿಚ್ಚಿ, ಸರಳನ್ನು ಒಳಗಿಂದಲೇ ಎಳೆಯಬೇಕು. ತೆರೆದ ಮೇಲೆ ಸೀಮೆಎಣ್ಣೆಯಲ್ಲಿ ಮಡ್ಡಿ ತೊಳೆದು, ಕೊಕ್ಕೆಗೆ ಹೊಸ ಗ್ರೀಸು ಹಚ್ಚಿ, ಸ್ಟ್ರೈಕರಿನ ಸ್ಕ್ರೂ ಸಡಿಲಿಸಿ ಮಟ್ಟ ಹೊಂದಿಸಿದರೆ ಕೆಲಸ ಮುಗಿಯಿತು. ಕೀ ತೂತಿಗೆ ಎಣ್ಣೆ ಬೇಡ, ಪೆನ್ಸಿಲ್ ಕಡ್ಡಿಯ ಪುಡಿ ಸಾಕು. ಅದು ನುಣುಪು ಕೊಡುತ್ತದೆ, ಧೂಳು ಹಿಡಿಯುವುದಿಲ್ಲ. ಲಾಕೇ ಹೋಗಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬೇಕಾಗುತ್ತದೆ.

ಕೂಲಿ ಕೇಳಿ ಯಜಮಾನರು ‘ಇಷ್ಟಕ್ಕಾ?’ ಎನ್ನುತ್ತಾರೆ. ಎಂಟು ದಿನದಲ್ಲಿ ಮೇಸ್ತ್ರಿಯ ವಿದ್ಯೆಯೆಲ್ಲ ಅವರ ಸ್ವಂತ ಅನುಭವವಾಗಿ ಮಾರ್ಪಡುತ್ತದೆ. ಊರಲ್ಲಿ ಯಾರ ಅಂಗಡಿ ಬೀಗ ಬಿಗಿದರೂ ಅಲ್ಲಿ ಹಾಜರಾಗಿ, ‘ಎಣ್ಣೆ ಹಾಕಿದೋನು ಕೆಟ್ಟ, ಪೆನ್ಸಿಲ್ ತಗೊಂಬಾರಯ್ಯ’ ಎಂದು ಅಪ್ಪಣೆ ಕೊಡುತ್ತಾರೆ. ಮುಂದಿನ ಆಯುಧಪೂಜೆಯಲ್ಲಿ ಕುಂಕುಮವನ್ನು ಮಾತ್ರ ಮತ್ತೆ ಕೀ ತೂತಿನ ಮೇಲೇ ಇಡುತ್ತಾರೆ. ಶಾಸ್ತ್ರದ ವಿಷಯದಲ್ಲಿ ಮೇಸ್ತ್ರಿಯ ಮಾತು ನಡೆಯುವುದಿಲ್ಲ.