ಚಾರ್ಜ್ ಲೈಟ್ ಕಾರ್ಣಿಕ: ಒಂದು ಪಂಚ ತಾಲ್ಲೂಕು ಭಾಷ್ಯ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯನವರು ಬಿಲ್ಲೇರಿ ‘ಸದ್ದಲೇ’ ಎಂದು ಗದರಿ, ಕಾರ್ಣಿಕದ ಒಂದೇ ಮಾತು ನುಡಿದು ಕೆಳಕ್ಕೆ ಧುಮುಕುತ್ತಾರೆ. ಮಾತು ಒಂದು, ವ್ಯಾಖ್ಯಾನ ಊರಿಗೊಂದು. ಹಳೆಯ ಅಂಬಾಸಿಡರ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಕೆಂಪು ಚಾರ್ಜ್ ಲೈಟೂ ಇದೇ ಪರಂಪರೆಯದು ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. 2014ರಲ್ಲೇ ಈ ಕಾರಿನ ತಯಾರಿಕೆ ನಿಂತಿರುವುದರಿಂದ ಮೂಲಪಾಠಕ್ಕೆ ಇನ್ನು ಹೊಸ ಪ್ರಕ್ಷೇಪಗಳ ಭಯವಿಲ್ಲ.

ಮೊದಲು, ಎಂಜಿನ್ ಓಡುವಾಗಲೂ ಲೈಟು ಆರದಿದ್ದರೆ ಕೇಳಿಬರುವ ಪೂರ್ವಪಕ್ಷ. ‘ಬ್ಯಾಟ್ರಿ ಹೋಗೈತ್ರಿ, ಹೊಸಾದು ಹಾಕಿಸ್ರಿ.’ ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಈ ಐದೂ ತಾಲ್ಲೂಕುಗಳಲ್ಲಿ ಇದೇ ಬಹುಮತ. ಮುಖ್ಯ ಆಚಾರ್ಯರು ಬ್ಯಾಟರಿ ಅಂಗಡಿಯವರು. ಅವರ ನಿಷ್ಪಕ್ಷಪಾತವನ್ನು ನಾವು ಶಂಕಿಸುವುದಿಲ್ಲ. ಆದರೆ ಕೀಲಿ ತಿರುವಿದಾಗ ಲೈಟಿನ ಒಂದು ತುದಿಗೆ ಬ್ಯಾಟರಿಯ ಕರೆಂಟು ಬರುತ್ತದೆ, ಇನ್ನೊಂದು ತುದಿ ಆಲ್ಟರ್ನೇಟರಿನ ಸುರುಳಿಯ ಮೂಲಕ ಅರ್ತ್ ಸೇರುತ್ತದೆ, ಅದಕ್ಕೇ ಹತ್ತುತ್ತದೆ. ಎಂಜಿನ್ ಓಡಿ ಆಲ್ಟರ್ನೇಟರ್ ಕರೆಂಟು ಹುಟ್ಟಿಸಿದರೆ ಎರಡೂ ತುದಿಯ ವೋಲ್ಟೇಜ್ ಸಮವಾಗಿ ಆರುತ್ತದೆ; ಆರದಿದ್ದರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ. 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ ಹರಪನಹಳ್ಳಿಯವರಿಗೆ, ಎರಡು ತುದಿಗಳ ನಡುವೆ ಸಿಕ್ಕು ಉರಿಯುವುದನ್ನು ವಿವರಿಸಬೇಕಿಲ್ಲ.

ಇನ್ನು ಪ್ರಮಾಣಗಳು. ಪ್ರತ್ಯಕ್ಷಕ್ಕೆ ಬಾನೆಟ್ ಎತ್ತಬೇಕು. ಫ್ಯಾನ್ ಬೆಲ್ಟ್ ಹರಿದಿದ್ದರೆ ವಾದ ಅಲ್ಲಿಗೇ ಮುಗಿಯಿತು: ವಾಟರ್ ಪಂಪನ್ನೂ ತಿರುಗಿಸುವುದು ಅದೇ ಬೆಲ್ಟ್, ಮುಂದಿನ ಊರಿನವರೆಗೆ ಹೋಗೋಣವೆಂದರೆ ಎಂಜಿನ್ ಸೀಜ್ ಆಗುತ್ತದೆ. ಬೆಲ್ಟ್ ಇದ್ದರೆ ಹೆಬ್ಬೆರಳಿನಿಂದ ಒತ್ತಬೇಕು, ಸುಮಾರು ಅರ್ಧ ಇಂಚು ಜಗ್ಗಿದರೆ ಸರಿ. ಸಡಿಲವಾದ ಬೆಲ್ಟ್ ಸ್ಟಾರ್ಟ್ ಮಾಡಿದೊಡನೆ ಕಿರ್ರೆನ್ನುತ್ತದೆ. ನೈಯಾಯಿಕರು ಶಬ್ದಪ್ರಮಾಣ ಎಂದದ್ದು ಇದನ್ನೇ ಇರಬೇಕು. ಅನುಮಾನಕ್ಕೆ ಅವರು ಕೊಡುವ ಉದಾಹರಣೆ, ಹೊಗೆಯಿದ್ದಲ್ಲಿ ಬೆಂಕಿ. ಬಾನೆಟ್ಟಿನಡಿ ಹೊಗೆ ಕಂಡಾಗ ಮಾತ್ರ ಅನುಮಾನ ಮಾಡುತ್ತ ಕೂರದೆ ಎಂಜಿನ್ ಬಂದ್ ಮಾಡಿ ಬ್ಯಾಟರಿಯ ವೈರ್ ಬಿಚ್ಚುವುದು ಲೇಸು.

ಸಿದ್ಧಾಂತ ಕೊಟ್ಟೂರಿನದು. ಅಲ್ಲಿನ ಆಟೋ ಎಲೆಕ್ಟ್ರಿಷಿಯನ್ ಮಾತಾಡುವುದಿಲ್ಲ, ಮೀಟರ್ ಹಿಡಿಯುತ್ತಾನೆ. ಎಂಜಿನ್ ನಿಂತಾಗ 12.6 ವೋಲ್ಟ್, ಓಡುವಾಗ 13.8ರಿಂದ 14.4. ಓಡುವಾಗಲೂ 12ರ ಆಸುಪಾಸಿನಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತದೆ. ಲೈಟು ಪೂರ್ತಿ ಹತ್ತದೆ, ಪೂರ್ತಿ ಆರದೆ ಮಿಣುಕುತ್ತಿದ್ದರೆ ಡಯೋಡ್ ಇಲ್ಲವೇ ಕಾರ್ಬನ್ ಬ್ರಷ್ ಕೆಟ್ಟಿದೆ. ಆತ ಗೋಣಿತಟ್ಟಿನ ಮೇಲೆ ಆಲ್ಟರ್ನೇಟರ್ ಬಿಚ್ಚಿ, ಕರಿ ಪುಡಿ ಊದಿ, ಉಗುರಿನಷ್ಟಕ್ಕೆ ಸವೆದ ಕಾರ್ಬನ್ ತುಂಡನ್ನು ಅಂಗೈ ಮೇಲಿಟ್ಟು ತೋರಿಸುತ್ತಾನೆ. ಮಿರ್ಚಿ-ಮಂಡಕ್ಕಿ ಮುಗಿಯುವಷ್ಟರಲ್ಲಿ ಹೊಸದು ಕೂತಿರುತ್ತದೆ. ಇಷ್ಟಕ್ಕೆ ಹೊಸ ಬ್ಯಾಟರಿ ಕೊಂಡವರ ಪಟ್ಟಿಯನ್ನು ಗ್ರಂಥವಿಸ್ತರಭಯದಿಂದ ಬಿಟ್ಟಿದ್ದೇವೆ.

ಕಡೆಯದು ಚಾರ್ವಾಕ ಪಂಥ: ಬಲ್ಬನ್ನೇ ಕಿತ್ತುಬಿಡುವುದು. ಕಾಣದ ದೋಷ ಇಲ್ಲದ ದೋಷ. ಆದರೆ ಹಲವು ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರನ್ನು ಮೊದಲು ಎಬ್ಬಿಸುವ ಕರೆಂಟು ಹಾಯುವುದೇ ಈ ಬಲ್ಬಿನ ಮೂಲಕ. ಅದನ್ನು ಕಿತ್ತರೆ ಸರಿಯಿದ್ದ ಚಾರ್ಜೂ ನಿಲ್ಲುತ್ತದೆ. ಈ ಪಂಥದವರನ್ನು ಕಾಣಬಯಸುವ ಸಂಶೋಧಕರು ರಾತ್ರಿ ಹಗರಿಬೊಮ್ಮನಹಳ್ಳಿ-ಕೂಡ್ಲಿಗಿ ರಸ್ತೆಗೆ ಹೋಗಬಹುದು. ಹೆಡ್‌ಲೈಟ್ ಆರಿದ ಕಾರಿನ ಪಕ್ಕ ನಿಂತು ಟ್ರ್ಯಾಕ್ಟರಿಗೆ ಕೈ ಮಾಡುತ್ತಿರುತ್ತಾರೆ.